ಗೋಧಿಯಿಲ್ಲದ ರೊಟ್ಟಿ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವು ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ, ಹುಡುಗಿಯರ ಶಿಸ್ತು, ಇವುಗಳನ್ನು ಕುರಿತಿರುವುದು ವಾಡಿಕೆ. ಈ ಸಲ ಆ ವಾಡಿಕೆಯನ್ನು ಬಿಟ್ಟು ಅಡಿಗೆಮನೆಯ ಸಂಗತಿಯೊಂದನ್ನು ಬರೆಯಲು ನಮಗೆ ಎರಡು ಕಾರಣಗಳುಂಟು. ಹಳೆಯ ವಿದ್ಯಾರ್ಥಿನಿಯರು ನಮ್ಮನ್ನು ತಮ್ಮ ಮನೆಗಳಿಗೆ ಪ್ರೀತಿಯಿಂದ ಕರೆದು, ತಟ್ಟೆಯ ತುಂಬ ತಿಂಡಿಗಳನ್ನು ಮುಂದಿಟ್ಟಾಗ ನಾವು ಒಂದು ಬಾಳೆಹಣ್ಣನ್ನು ಮಾತ್ರ ತೆಗೆದುಕೊಳ್ಳುವುದನ್ನು ಕಂಡು ಅನೇಕರು ನೊಂದುಕೊಂಡಿರುವರು. ಇದು ಬಿಗುಮಾನವೋ ವ್ರತವೋ ಎಂದು ಕೇಳಿದವರೂ ಉಂಟು. ಅವರಿಗೆಲ್ಲ ಒಂದೇ ಸಲಕ್ಕೆ ಉತ್ತರ ಹೇಳಬೇಕೆಂಬುದು ಮೊದಲನೆಯ ಕಾರಣ. ನಮಗಿರುವ ರೋಗವು ಹುಡುಗಿಯರಲ್ಲಿಯೂ ಉಂಟು. ತಾಯಿತಂದೆಗಳು ಅದನ್ನು ಗುರುತಿಸದೆಯೂ, ಗುರುತಿಸಿದ ಬಳಿಕ ಬಚ್ಚಿಟ್ಟೂ ಮಕ್ಕಳಿಗೆ ಹಾನಿಮಾಡುತ್ತಿರುವುದನ್ನು ನಾವು ಕಣ್ಣಾರೆ ನೋಡಿದ್ದೇವೆ ಎಂಬುದು ಎರಡನೆಯದು ಮತ್ತು ಮುಖ್ಯವಾದದ್ದು.

ವೈದ್ಯರು ಇದನ್ನು ಸೀಲಿಯಾಕ್ ರೋಗವೆಂದು ಕರೆಯುವರು. ಗೋಧಿ, ಬಾರ್ಲಿ, ರೈ ಎಂಬ ಮೂರು ಧಾನ್ಯಗಳಲ್ಲಿ ಗ್ಲೂಟೆನ್ ಎಂಬ ಅಂಟಾದ ಸಸಾರಜನಕ ಪದಾರ್ಥವಿರುವುದು. ಗೋಧಿಯ ಕಣಕವನ್ನು ನೀರಿನಲ್ಲಿ ಹಿಸುಕಿ ತೊಳೆಯುತ್ತ ಹೋದರೆ ಪಿಷ್ಟವೆಲ್ಲ ಹರಿದುಹೋಗಿ, ಕೈಯಲ್ಲಿ ರಬ್ಬರಿನಂತೆ ಎಳೆದರೆ ಬರುವ ಒಂದು ಮುದ್ದೆ ಉಳಿಯುತ್ತದೆ, ಅದೇ ಗ್ಲೂಟೆನ್. ನಮ್ಮ ಒಂಬತ್ತನೆಯ ತರಗತಿಯವರು ಇದನ್ನು ವಿಜ್ಞಾನದ ಕೋಣೆಯಲ್ಲಿ ತಾವೇ ಮಾಡಿ ನೋಡಿರುವರು. ಹೆಚ್ಚಿನ ಜನರಿಗೆ ಅದು ಒಳ್ಳೆಯ ಆಹಾರ. ಕೆಲವರ ದೇಹವಾದರೋ ಅದನ್ನು ವೈರಿಯೆಂದು ಎಣಿಸಿ, ಅದರೊಡನೆ ಹೋರಾಡುವ ಭರದಲ್ಲಿ ತನ್ನ ಸಣ್ಣ ಕರುಳನ್ನೇ ಗಾಯಗೊಳಿಸಿಕೊಳ್ಳುವುದು. ಸಣ್ಣ ಕರುಳಿನ ಒಳಮೈ ಮಖಮಲ್ಲಿನ ಬಟ್ಟೆಯಂತೆ ಸಾವಿರಾರು ಸೂಕ್ಷ್ಮವಾದ ಎಳೆಗಳಿಂದ ಕೂಡಿರುವುದು; ಅನ್ನದ ಸಾರವನ್ನು ಹೀರಿಕೊಳ್ಳುವವು ಅವೇ. ಈ ರೋಗದಲ್ಲಿ ಆ ಎಳೆಗಳು ಸವೆದು ಮಖಮಲ್ಲು ಬರಿಯ ಗೋಣಿಯಾಗುತ್ತದೆ. ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ.

ನಮ್ಮ ಕಥೆಯನ್ನು ಚಿಕ್ಕದಾಗಿ ಹೇಳುವೆವು. ತರಬೇತಿ ಕಾಲೇಜಿನಲ್ಲಿದ್ದಾಗಿನಿಂದಲೂ ನಮಗೆ ರಕ್ತಹೀನತೆ ಇತ್ತು. ಬಾಯಿಯಲ್ಲಿ ಹುಣ್ಣು, ಆಗಾಗ ಹೊಟ್ಟೆಯ ತೊಂದರೆ, ಸಾಯಂಕಾಲವಾಗುವಷ್ಟರಲ್ಲಿ ಕೈಕಾಲು ಸೋಲುವುದು ಇವೆಲ್ಲ ನಿತ್ಯದ ಸಂಗತಿಗಳಾಗಿದ್ದವು. ಕಬ್ಬಿಣದ ಅಂಶವುಳ್ಳ ಗುಳಿಗೆಗಳನ್ನು ವರ್ಷಗಟ್ಟಲೆ ನುಂಗಿದೆವು, ರಕ್ತವು ಏರಲಿಲ್ಲ. ಹೆಂಗಸರಿಗೆ ಇಂಥವು ಸಹಜವೆಂದು ಒಬ್ಬ ವೈದ್ಯರು ಹೇಳಿದರು. ಕೆಲಸದ ಚಿಂತೆಯೆಂದು ಇನ್ನೊಬ್ಬರು ಹೇಳಿದರು. ತರಗತಿಯಲ್ಲಿ ಮೇಜಿಗೆ ಕೈಯೂರಿ ನಿಂತು ಪಾಠ ಹೇಳಿದ ದಿನಗಳು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿರಬಹುದು. ಕಡೆಗೆ 2014ನೆಯ ಇಸವಿಯಲ್ಲಿ ವಯಸ್ಸಿನಲ್ಲಿ ಚಿಕ್ಕವರಾದ ವೈದ್ಯೆಯೊಬ್ಬರು, ಗುಳಿಗೆ ನುಂಗಿದರೂ ರಕ್ತವೇರದಿದ್ದರೆ ಅದನ್ನು ಹೀರುವ ಕರುಳನ್ನು ನೋಡಬೇಕಲ್ಲವೇ ಎಂದರು. ರಕ್ತದ ಪರೀಕ್ಷೆಯಾಯಿತು, ಬಳಿಕ ಬಾಯಿಯ ಮೂಲಕ ಕೊಳವೆಯನ್ನಿಳಿಸಿ ಕರುಳಿನ ಚೂರೊಂದನ್ನು ತೆಗೆದು ಪರೀಕ್ಷಿಸಿದರು. ರೋಗದ ಹೆಸರು ತಿಳಿದ ದಿನ ನಮಗೆ ದುಃಖಕ್ಕಿಂತಲೂ ಸಮಾಧಾನವೇ ಹೆಚ್ಚಾಯಿತು. ಮೈಗಳ್ಳತನವೆಂದು ಜನರೂ, ಒಮ್ಮೊಮ್ಮೆ ನಮ್ಮ ಮನಸ್ಸೂ ಆಡಿದ ಮಾತಿಗೆ ಅಂದು ಜವಾಬು ದೊರೆಯಿತು.

ಈ ರೋಗಕ್ಕೆ ಔಷಧವಿಲ್ಲ. ಪಥ್ಯವೇ ಔಷಧ, ಅದೂ ಜೀವಮಾನ ಪರ್ಯಂತ. ಇಷ್ಟು ಸರಳವಾದ ಮಾತನ್ನು ಕಂಡುಹಿಡಿಯಲು ಲೋಕಕ್ಕೆ ಬಹುಕಾಲ ಹಿಡಿಯಿತು. 1888ರಲ್ಲಿ ಲಂಡನ್ನಿನ ವೈದ್ಯರಾದ ಸ್ಯಾಮ್ಯುಯೆಲ್ ಗೀ ಎಂಬವರು ಬಡಕಲಾಗಿ ಹೊಟ್ಟೆ ಊದಿದ ಮಕ್ಕಳ ಈ ರೋಗವನ್ನು ಸ್ಪಷ್ಟವಾಗಿ ವರ್ಣಿಸಿ, ಗುಣವಾಗುವುದಾದರೆ ಆಹಾರದಿಂದಲೇ ಆಗಬೇಕೆಂದು ಬರೆದರು. ಯಾವ ಆಹಾರವೆಂಬುದು ಮಾತ್ರ ಅವರಿಗೆ ತಿಳಿಯಲಿಲ್ಲ. 1924ರಲ್ಲಿ ಅಮೇರಿಕದ ಸಿಡ್ನಿ ಹಾಸ್ ಎಂಬವರು ಬಾಳೆಹಣ್ಣಿನ ಪಥ್ಯವನ್ನು ಹೇಳಿದರು, ಮಕ್ಕಳು ಚೇತರಿಸಿಕೊಂಡರು. ಗುಣವು ಬಾಳೆಹಣ್ಣಿನದೆಂದು ಎಲ್ಲರೂ ನಂಬಿದರು. ನಿಜವಾಗಿ ನೋಡಿದರೆ, ಆ ಪಥ್ಯದಲ್ಲಿ ಬ್ರೆಡ್ಡು ಇಲ್ಲದಿದ್ದುದೇ ಗುಣವಾಗಿತ್ತು. ಹಾಲೆಂಡಿನ ಮಕ್ಕಳ ವೈದ್ಯರಾದ ವಿಲ್ಲೆಮ್ ಡಿಕೆ ಎಂಬವರು ಗೋಧಿಯ ಮೇಲೆಯೇ ಸಂದೇಹಪಟ್ಟು ಯುದ್ಧಕ್ಕೆ ಮುಂಚಿನಿಂದಲೂ ಪರೀಕ್ಷಿಸುತ್ತಿದ್ದರು. 1944-45ರ ಚಳಿಗಾಲದಲ್ಲಿ ಆ ದೇಶಕ್ಕೆ ಘೋರವಾದ ಕ್ಷಾಮ ಬಂದು ಬ್ರೆಡ್ಡು ಸಿಕ್ಕದಂತಾದ ಅನುಭವವು ಅವರ ಊಹೆಯನ್ನು ಬಲಪಡಿಸಿತು. ಊರೆಲ್ಲ ಹಸಿದಿರುವಾಗ ಈ ರೋಗದ ಮಕ್ಕಳಿಗೆ ಮಾತ್ರ ಗೋಧಿಯ ಅಭಾವವೇ ಉಪಕಾರವಾಯಿತೆಂಬುದು ವಿಚಿತ್ರವಾದ ಸಂಗತಿ. 1950ರಲ್ಲಿ ಅವರು ತಮ್ಮ ಪ್ರಬಂಧವನ್ನು ಪ್ರಕಟಿಸಿದ ಮೇಲೆ ಗೋಧಿಯ ಅಪರಾಧವು ಸಿದ್ಧವಾಯಿತು.

ನಮ್ಮ ನಾಡಿನಲ್ಲಿ ಇದು ಇಲ್ಲವೆಂದು ಹೇಳುವವರುಂಟು. 2016ರಲ್ಲಿ ಡಾಕ್ಟರ್ ಬಿ. ಎಸ್. ರಾಮಕೃಷ್ಣ ಮೊದಲಾದವರು ಭಾರತದ ಬೇರೆ ಬೇರೆ ಭಾಗಗಳಲ್ಲಿ 23,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ ಪ್ರಕಟಿಸಿದ ವರದಿಯು ಇದಕ್ಕೆ ಉತ್ತರ ಕೊಡುವುದು. ಉತ್ತರ ಭಾರತದಲ್ಲಿ ನೂರಕ್ಕೆ 1.23 ಜನರಿಗೂ, ದಕ್ಷಿಣದಲ್ಲಿ ನೂರಕ್ಕೆ 0.10 ಜನರಿಗೂ ಈ ರೋಗ ಕಂಡುಬಂದಿತು. ಆದರೆ ರೋಗಕ್ಕೆ ಅವಕಾಶಕೊಡುವ ಹುಟ್ಟುಗುಣವು ಎರಡು ಕಡೆಗಳಲ್ಲಿಯೂ ಸುಮಾರು ಮೂರರಲ್ಲಿ ಒಂದು ಪಾಲು ಜನರಲ್ಲಿ ಇತ್ತು. ಭೇದವಿದ್ದದ್ದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ 455 ಗ್ರಾಂ ಗೋಧಿಯನ್ನೂ, ದಕ್ಷಿಣದವರು 25 ಗ್ರಾಂ ಗೋಧಿಯನ್ನೂ ತಿನ್ನುತ್ತಿದ್ದರು. ಧಾರವಾಡ, ಗದಗ, ಬೆಳಗಾವಿಯ ಕಡೆಯವರಾದ ನಾವು ಇದನ್ನು ಯೋಚಿಸಬೇಕು. ನಮ್ಮ ಅಜ್ಜಿಯರ ಕಾಲದಲ್ಲಿ ಜೋಳದ ರೊಟ್ಟಿ ನಿತ್ಯದ ಊಟ, ಗೋಧಿ ಹುಗ್ಗಿ ಹಬ್ಬದ ಊಟವಾಗಿತ್ತು. ಈಗ ಮುಂಜಾನೆ ಉಪ್ಪಿಟ್ಟು, ಮಧ್ಯಾಹ್ನ ಚಪಾತಿ, ಸಂಜೆಗೆ ಬಿಸ್ಕತ್ತು, ರಾತ್ರಿ ಶಾವಿಗೆ ಎಂದು ದಿನವೆಲ್ಲ ಗೋಧಿಯೇ ಆಗಿರುವ ಮನೆಗಳು ಎಷ್ಟಿಲ್ಲ! ಗೋಧಿಯನ್ನು ಎಲ್ಲರೂ ಬಿಡಬೇಕೆಂದು ನಾವು ಹೇಳುವುದಿಲ್ಲ. ಕಾರಣವಿಲ್ಲದೆ ಬಿಡುವುದರಿಂದ ಲಾಭವಿಲ್ಲ. ಆದರೆ ಗುಣವಾಗದ ರಕ್ತಹೀನತೆ, ವಯಸ್ಸಿಗೆ ತಕ್ಕಂತೆ ಬೆಳೆಯದ ಮೈ, ಬಹಳ ತಡವಾಗುವ ಋತುಪ್ರಾಪ್ತಿ, ತಿಂಗಳಾನುಗಟ್ಟಲೆ ನಿಲ್ಲದ ಭೇದಿ ಇವು ಮಗಳಲ್ಲಿದ್ದರೆ ಈ ಪರೀಕ್ಷೆಯನ್ನು ಮಾಡಬೇಕೇ ಎಂದು ವೈದ್ಯರನ್ನು ಕೇಳಿರಿ. ಪರೀಕ್ಷೆಗೆ ಮುಂಚೆ ಗೋಧಿಯನ್ನು ಬಿಡಿಸಬಾರದು. ಬಿಡಿಸಿದರೆ ರೋಗವಿದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ಪಥ್ಯವನ್ನು ಕೈಕೊಂಡ ಮೇಲೆ ಮೊದಲು ಎದುರಾಗುವ ಶತ್ರು "ಸ್ವಲ್ಪ" ಎಂಬ ಮಾತು. ಸ್ವಲ್ಪ ತಿಂದರೆ ಏನಾಗುವುದೆಂದು ಪ್ರೀತಿಯಿಂದಲೇ ಕೇಳುವರು. ಇಟಲಿಯ ವೈದ್ಯರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಿಂದ, ದಿನಕ್ಕೆ 50 ಮಿಲಿಗ್ರಾಂ ಗ್ಲೂಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ಕರುಳಿಗೆ ಪೆಟ್ಟಾಗುವುದೆಂದು ತಿಳಿಯಿತು. ಬ್ರೆಡ್ಡಿನ ಒಂದು ಹೋಳಿನಲ್ಲಿ ಸುಮಾರು 2 ಗ್ರಾಂ ಇರುವುದರಿಂದ, ಅದರ ನಾಲ್ವತ್ತನೆಯ ಒಂದು ಪಾಲೇ ಸಾಕು. ಆದಕಾರಣ ಗೋಧಿ ಹಿಟ್ಟು, ಮೈದಾ, ರವೆ, ಚಿರೋಟಿ ರವೆ, ಶಾವಿಗೆ ಇಷ್ಟನ್ನು ಬಿಟ್ಟರೆ ಮುಗಿಯಲಿಲ್ಲ. ಮಧುಮೇಹಕ್ಕೆ ಒಳ್ಳೆಯದೆಂದು ಹೊಗಳುವ ಕಪ್ಲಿ ಗೋಧಿಯೂ ಗೋಧಿಯೇ. ಬಾರ್ಲಿಯಿಂದ ಮಾಡಿದ ಮಾಲ್ಟಿನ ಪಾನೀಯಗಳೂ ಕೂಡವು; ಬರಿಯ ರಾಗಿಯಿಂದ ಮಾಡಿದ ರಾಗಿ ಮಾಲ್ಟು ಮಾತ್ರ ಹೆಸರಿನಲ್ಲಿ ಹಾಗಿದ್ದರೂ ನಿರಪಾಯ. ಅಂಗಡಿಯ ಇಂಗಿಗೆ ಅನೇಕ ವೇಳೆ ಗೋಧಿಯ ಹಿಟ್ಟನ್ನು ಬೆರೆಸಿರುವರು. ಅನ್ನ ಸಾರು ಮಾತ್ರ ಉಂಡರೂ ಒಗ್ಗರಣೆಯ ಮೂಲಕ ಗೋಧಿ ಒಳಹೊಗುವುದು ಹೀಗೆ. ಗಿರಣಿಯಲ್ಲಿ ನಮಗಿಂತ ಮುಂಚಿನವರು ಗೋಧಿಯನ್ನು ಬೀಸಿದ್ದರೆ ಅದೇ ಕಲ್ಲಿನಿಂದ ನಮ್ಮ ಜೋಳದ ಹಿಟ್ಟಿಗೂ ಅದು ಸೇರುವುದು. ನಾವು ಮನೆಯಲ್ಲಿಯೇ ಒಂದು ಚಿಕ್ಕ ಬೀಸುವ ಯಂತ್ರವನ್ನಿಟ್ಟುಕೊಂಡು, ಧಾನ್ಯವನ್ನು ಆರಿಸಿ ತೊಳೆದು ಒಣಗಿಸಿ ಬೀಸಿಕೊಳ್ಳುವೆವು. ಹಂಚು, ಜರಡಿ, ಕೊಣಮಿಗೆ ಬೇರೆ ಬೇರೆ. ಅಂಗಡಿಯ ಸಾಮಾನುಗಳಲ್ಲಿ ಗ್ಲೂಟೆನ್ ಇಲ್ಲವೆಂದು ಬರೆಯಬೇಕಾದರೆ ಕಿಲೋ ಒಂದಕ್ಕೆ ಅದು 20 ಮಿಲಿಗ್ರಾಮನ್ನು ಮೀರಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವುಂಟು; ಆ ಬರಹವನ್ನು ಓದಿಯೇ ಕೊಳ್ಳಬೇಕು.

ಇದೆಲ್ಲವನ್ನು ಕೇಳಿ, ಹಾಗಾದರೆ ತಿನ್ನುವುದಾದರೂ ಏನು ಎಂದು ಓದುವವರು ಮರುಗಬಾರದು. ಅಕ್ಕಿ, ಜೋಳ, ರಾಗಿ, ಸಜ್ಜೆ, ನವಣೆ, ಎಲ್ಲ ಬೇಳೆಗಳು, ಹಣ್ಣುಕಾಯಿ, ಹಾಲುಮೊಸರು, ಮೀನುಮಾಂಸ ಇವೆಲ್ಲ ನಮ್ಮವೇ. ನಮ್ಮ ಊಟವು ಬಡವಾಗಲಿಲ್ಲ. ಕೊರತೆಯಾದದ್ದು ಬೇರೊಂದು ಕಡೆ. ಮಿಶನ್ನಿನ ಮನೆಗಳಲ್ಲಿ ಬೆಳೆದವರಿಗೆ ಬ್ರೆಡ್ಡು, ಕೇಕು ಬರಿಯ ತಿಂಡಿಗಳಲ್ಲ. ಕ್ರಿಸ್ಮಸ್ಸು, ಹುಟ್ಟುಹಬ್ಬ, ಬೀಳ್ಕೊಡುವ ಸಭೆ ಎಲ್ಲವೂ ಅವುಗಳೊಡನೆ ಸೇರಿರುವವು. ಎಲ್ಲರೂ ಒಂದನ್ನು ಹಂಚಿಕೊಳ್ಳುವಾಗ ತಾನೊಬ್ಬಳು ಕೈಕಟ್ಟಿ ಕುಳಿತಿರುವುದು ಹಸಿವಿಗಿಂತ ಕಷ್ಟ. ಆ ಕಾರಣದಿಂದಲೇ ನಾವು ಗೋಧಿಯಿಲ್ಲದೆ ಬೇಯಿಸುವ ವಿದ್ಯೆಯನ್ನು ಕಲಿಯಲು ತೊಡಗಿದೆವು.

ಗೋಧಿಯ ಬ್ರೆಡ್ಡು ಉಬ್ಬುವುದು ಗ್ಲೂಟೆನ್ನಿನಿಂದ. ನಾದಿದಾಗ ಅದು ಬಲೆಯಂತಾಗಿ, ಯೀಸ್ಟು ಹೊರಬಿಡುವ ಅನಿಲವನ್ನು ಹಿಡಿದಿಡುವುದು. ಜೋಳದಲ್ಲಿಯೂ ಅಕ್ಕಿಯಲ್ಲಿಯೂ ಆ ಬಲೆಯಿಲ್ಲ; ಗೋಧಿಯ ಕ್ರಮದಲ್ಲಿಯೇ ನಾದಿ ಸುಟ್ಟರೆ ಇಟ್ಟಿಗೆಯಾಗುವುದು. ಹಾಗಾದರೆ ಜಿಗಿಯನ್ನು ಎಲ್ಲಿಂದ ತರಬೇಕು? ಇದಕ್ಕೆ ಉತ್ತರವು ನಮ್ಮ ಸೀಮೆಯ ಹೆಂಗಸರ ಕೈಯಲ್ಲಿಯೇ ಇರುವುದು. ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೆ ರೊಟ್ಟಿ ಬಡಿಯುವಾಗ ಒಡೆಯುವುದೆಂದು ಅವರು ಬಲ್ಲರು. ಆದಕಾರಣ ಎಸರನ್ನು ಕುದಿಸಿ ಹಿಟ್ಟಿನ ನಡುವೆ ಹೊಯ್ದು ಕಲಸುವರು. ಕುದಿಯುವ ನೀರಿನಿಂದ ಪಿಷ್ಟವು ಬೆಂದು ಅಂಟಾಗುವುದು. ರೊಟ್ಟಿ ಚಂದ್ರನಂತೆ ಅಗಲವಾಗಿ ಬರುವುದು. ತೆಂಕಣ ಸೀಮೆಯವರು ಅಕ್ಕಿ ಹಿಟ್ಟನ್ನು ಉಕ್ಕರಿಸುವುದೂ ಇದೇ ತತ್ವದ ಮೇಲೆ. ಗ್ಲೂಟೆನ್ ಇಲ್ಲದ ಹಿಟ್ಟನ್ನು ಹಿಡಿತಕ್ಕೆ ತರುವ ವಿದ್ಯೆಯು ಪರದೇಶದ ಪುಸ್ತಕಗಳಿಗೆ ಬರುವುದಕ್ಕಿಂತ ಮುಂಚೆಯೇ ನಮ್ಮ ಒಲೆಯ ಮುಂದೆ ಇತ್ತು. ಎರಡನೆಯ ಸಹಾಯವು ಇಸಬಗೋಲಿನ ಹೊಟ್ಟಿನಿಂದ ದೊರೆಯುವುದು. ನೀರಿನಲ್ಲಿ ನೆನೆಸಿದರೆ ಅದು ಲೋಳೆಯಾಗಿ ಬಲೆಯ ಕೆಲಸವನ್ನು ಮಾಡುವುದು. ನಾವು ಚಟ್ನಿಗೆ ಬಳಸುವ ಅಗಸಿಯ ಪುಡಿಯೂ ನೀರು ಕುಡಿದು ಹಾಗೆಯೇ ಜಿಗಿಯಾಗುವುದು.

ನಮ್ಮ ಮನೆಯಲ್ಲಿ ಮಾಡುವ ಬ್ರೆಡ್ಡಿನ ಕ್ರಮವನ್ನು, ಕೇಳಿದವರು ಬಹುಮಂದಿಯಾದುದರಿಂದ, ಇಲ್ಲಿ ಕೊಡುತ್ತೇವೆ. 150 ಗ್ರಾಂ ಜೋಳದ ಹಿಟ್ಟಿಗೆ 200 ಮಿಲಿಲೀಟರ್ ಕುದಿಯುವ ನೀರನ್ನು ಹೊಯ್ದು ಕಲಸಿ ಆರಲು ಬಿಡಬೇಕು. 20 ಗ್ರಾಂ ಇಸಬಗೋಲಿನ ಹೊಟ್ಟನ್ನು 150 ಮಿಲಿಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಬೇಕು. ಇವೆರಡನ್ನೂ ಸೇರಿಸಿ, 150 ಗ್ರಾಂ ಅಕ್ಕಿ ಹಿಟ್ಟು, 100 ಗ್ರಾಂ ಮರಗೆಣಸಿನ ಹಿಟ್ಟು, ಎರಡು ಮೊಟ್ಟೆ, ಎರಡು ದೊಡ್ಡ ಚಮಚ ಎಣ್ಣೆ, ಒಂದು ದೊಡ್ಡ ಚಮಚ ಸಕ್ಕರೆ, ಒಂದೂವರೆ ಚಿಕ್ಕ ಚಮಚ ಉಪ್ಪು, 7 ಗ್ರಾಂ ಒಣ ಯೀಸ್ಟು ಹಾಕಿ ಚೆನ್ನಾಗಿ ತಿರುವಬೇಕು. ಇದು ಕಣಕದಂತೆ ಗಟ್ಟಿಯಾಗದೆ ವಡೆಯ ಹಿಟ್ಟಿನಂತೆ ಇರುವುದು, ನಾದುವ ಕೆಲಸವಿಲ್ಲ. ಎಣ್ಣೆ ಸವರಿದ ಅಚ್ಚಿನಲ್ಲಿ ಹಾಕಿ, ಒದ್ದೆ ಕೈಯಿಂದ ಮೇಲ್ಭಾಗವನ್ನು ಸಮಮಾಡಿ, ಸುಮಾರು ಒಂದು ಗಂಟೆ ಬೆಚ್ಚಗಿಟ್ಟು ಉಬ್ಬಿದ ಕೂಡಲೆ ಓವನ್ನಿನಲ್ಲಿ 190 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ 50ರಿಂದ 60 ನಿಮಿಷ ಬೇಯಿಸಬೇಕು. ಪೂರಾ ಆರುವ ತನಕ ಕೊಯ್ಯಬಾರದು. ಬಿಸಿಯಿದ್ದಾಗ ಕೊಯ್ದರೆ ಒಳಗೆ ಅಂಟಂಟಾಗುವುದು. ಮರುದಿನವೇ ಗಡುಸಾಗುವುದರಿಂದ ಹೋಳುಮಾಡಿ ಶೀತಪೆಟ್ಟಿಗೆಯ ಹಿಮದ ಅರೆಯಲ್ಲಿಟ್ಟು, ಬೇಕಾದಾಗ ಕಾಯಿಸಿ ತಿನ್ನಬೇಕು. ಹೊಸಬರು ಕೇಕಿನಿಂದ ಆರಂಭಿಸುವುದು ಲೇಸು. ಕೇಕಿಗೆ ಮೊಟ್ಟೆಯೇ ಆಧಾರವಾದುದರಿಂದ ಗ್ಲೂಟೆನ್ನಿನ ಕೊರತೆ ಅಷ್ಟಾಗಿ ಕಾಣದು. ಒಣದ್ರಾಕ್ಷಿ ಖರ್ಜೂರಗಳ ಕ್ರಿಸ್ಮಸ್ ಕೇಕಿಗೆ ರಾಗಿ ಹಿಟ್ಟಿನಷ್ಟು ಒಪ್ಪುವುದು ಬೇರೊಂದಿಲ್ಲ. ಬಣ್ಣವೂ ವಾಸನೆಯೂ ಅದಕ್ಕೆಂದೇ ಹುಟ್ಟಿದಂತಿರುವವು. ಕಳೆದ ಕೆಲವು ವರ್ಷಗಳಿಂದ ಉಪಾಧ್ಯಾಯಿನಿಯರ ಕ್ರಿಸ್ಮಸ್ ಕೂಟಕ್ಕೆ ಈ ಕೇಕೇ ನಮ್ಮ ಮನೆಯಿಂದ ಹೋಗುತ್ತಿದೆ. ಗೋಧಿ ತಿನ್ನುವವರೇ ಅದನ್ನು ಮೊದಲು ಮುಗಿಸುವರು. ಬೇರೆಯವರ ಮನೆಯಲ್ಲಿ ಉಣ್ಣಲಾರದವಳು ಬೇರೆಯವರಿಗೆ ಉಣಬಡಿಸಬಲ್ಲಳೆಂಬುದು ಸಣ್ಣ ಸಂತೋಷವಲ್ಲ.

ಕರ್ತನ ಮೇಜಿನ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಅಲ್ಲಿಯ ರೊಟ್ಟಿಯೂ ಗೋಧಿಯದೇ. ನಾವು ಸಭಾಪಾಲಕರಿಗೆ ನಮ್ಮ ಸ್ಥಿತಿಯನ್ನು ತಿಳಿಸಿದಾಗ ಅವರು ಅಕ್ಕಿಯ ರೊಟ್ಟಿಯ ಚೂರನ್ನು ಬೇರೆ ತಟ್ಟೆಯಲ್ಲಿಡಲು ಸಮ್ಮತಿಸಿದರು. ಚೂರುಗಳು ಉದುರುವುದರಿಂದ ಪಾತ್ರೆಯನ್ನೂ ಬೇರೆ ಮಾಡಿದರು. ರೋಮನ್ ಕಥೋಲಿಕ ಸಭೆಯಲ್ಲಿ ಗೋಧಿ ಇರಲೇಬೇಕೆಂಬ ನಿಯಮವಿರುವುದರಿಂದ, ಗ್ಲೂಟೆನ್ ಅತ್ಯಲ್ಪವಾಗಿರುವ ರೊಟ್ಟಿಯನ್ನು ಬಳಸಬಹುದೆಂದು 2003ರಲ್ಲಿ ರೋಮಿನಿಂದ ಸ್ಪಷ್ಟಪಡಿಸಲಾಯಿತು. ರೊಟ್ಟಿಯನ್ನು ಬಿಟ್ಟು ದ್ರಾಕ್ಷಾರಸವನ್ನು ಮಾತ್ರ ತೆಗೆದುಕೊಳ್ಳುವುದಕ್ಕೂ ಅಲ್ಲಿ ಅವಕಾಶವುಂಟು. ಕೇಳಿದರೆ ದಾರಿಯುಂಟು. ಕೇಳದೆ ಹಿಂದಿನ ಬೆಂಚಿನಲ್ಲಿ ಕುಳಿತುಬಿಡುವವರನ್ನು ನೆನೆದು ಇದನ್ನು ಬರೆದೆವು.

ಈಗ ತಾಯಿತಂದೆಗಳಿಗೆ ಹೇಳಬೇಕಾದ ಮಾತು. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ನೋಡಿದರೆ ಒಂಬತ್ತು ವರ್ಷದ ಮಗುವಿನಂತಿದ್ದಳು. ಮಧ್ಯಾಹ್ನದ ತರಗತಿಯಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುವಳು, ಮಂದಮತಿಯೆಂದು ಹೆಸರಾಗಿತ್ತು. ಅವಳ ಬಿಳಿಚಿದ ಉಗುರುಗಳನ್ನು ನೋಡಿ ತಂದೆಯನ್ನು ಕರೆಸಿ ಪರೀಕ್ಷೆ ಮಾಡಿಸಬೇಕೆಂದು ಹೇಳಿದೆವು. ನಮಗಿರುವ ರೋಗವೇ ಅವಳಿಗೂ ಇತ್ತು. ತಂದೆ ಒಪ್ಪಿದರು, ತಾಯಿ ಮಾತ್ರ ಮರುದಿನ ಒಬ್ಬರೇ ಬಂದು, ಸೆರಗಿನಿಂದ ಕಣ್ಣೊರಸಿಕೊಳ್ಳುತ್ತ, "ಅಕ್ಕಾರ, ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ. ನಾಳೆ ಹುಡುಗಿ ಲಗ್ನ ಹ್ಯಾಂಗ ಆಗಬೇಕು? ಮಂದಿ ಮನಿಗೆ ಹ್ವಾದ ಮ್ಯಾಲ ಚಪಾತಿ ತಿನ್ನಂಗಿಲ್ಲಂದ್ರ ನಡೀತದೇನ್ರಿ?" ಎಂದರು.

ಆ ತಾಯಿಯ ಭಯವನ್ನು ನಾವು ಹಗುರಾಗಿ ಕಾಣುವುದಿಲ್ಲ. ಅವರಿಗೆ ನಾವು ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇವೆ. "ತಾಯೀ, ಇದು ಅಂಟುರೋಗವಲ್ಲ. ಪಥ್ಯವನ್ನು ಸರಿಯಾಗಿ ನಡೆಸಿದವಳು ಎಲ್ಲರಂತೆ ದುಡಿಯುವಳು, ಎಲ್ಲರಂತೆ ಮಕ್ಕಳನ್ನು ಹೆರುವಳು. ಪಥ್ಯ ಮುರಿದವಳಿಗೇ ರಕ್ತಹೀನತೆ, ಎಲುಬಿನ ಬಲಹೀನತೆ, ಗರ್ಭ ನಿಲ್ಲದಿರುವುದು ಮೊದಲಾದ ಭಯಗಳು. ಬಚ್ಚಿಟ್ಟು ಕೊಟ್ಟರೆ ಅತ್ತೆಮನೆಯಲ್ಲಿ ಅವಳು ಮೊದಲ ದಿನದಿಂದಲೇ ಗೋಧಿಯನ್ನು ನುಂಗಬೇಕಾಗುವುದು. ಹಾಗೆ ಮಾಡಿದ ಲಗ್ನದಿಂದ ಮಗಳಿಗೆ ಯಾವ ಸುಖ? ಹೇಳಿದರೆ ಕೆಲವರು ಹಿಂದೆಗೆಯುವರು. ಹಿಂದೆಗೆಯದವರ ಮನೆಯೇ ಅವಳ ಮನೆ." ತಾಯಿ ಬಹಳ ಹೊತ್ತು ಸುಮ್ಮನಿದ್ದು, ಜೋಳದ ರೊಟ್ಟಿಯಾದರೆ ನಡೆಯುವುದೇ ಎಂದು ಮಾತ್ರ ಕೇಳಿದರು. ನಡೆಯುವುದು ಮಾತ್ರವಲ್ಲ, ಅದೇ ಬೇಕೆಂದೆವು.

ಹುಡುಗಿಯು ಒಂದೂವರೆ ವರ್ಷದೊಳಗೆ ತರಗತಿಯ ಉದ್ದದ ಸಾಲಿನಲ್ಲಿ ನಿಲ್ಲುವಷ್ಟು ಬೆಳೆದಳು. ಮಧ್ಯಾಹ್ನದ ನಿದ್ರೆ ತಾನಾಗಿ ಹೋಯಿತು. ಗಣಿತದಲ್ಲಿ ಮಂದಮತಿಯೆಂಬ ಹೆಸರೂ ಅದರೊಡನೆ ಹೋಯಿತು. ನಮ್ಮ ಮನೆಯ ಓವನ್ನಿನ ಮುಂದೆ ಶನಿವಾರಗಳಲ್ಲಿ ನಿಂತು ಬ್ರೆಡ್ಡು ಮಾಡುವುದನ್ನು ಕಲಿತಳು. ಈಗ ದೂರದ ಊರಿನ ಕಾಲೇಜಿನ ವಸತಿಗೃಹದಲ್ಲಿರುವಳು. ತಾಯಿ ತಿಂಗಳಿಗೊಮ್ಮೆ ಖಡಕ್ ಜೋಳದ ರೊಟ್ಟಿಗಳನ್ನು ಡಬ್ಬಿಯಲ್ಲಿ ಕಟ್ಟಿ ಕಳುಹಿಸುವರು. ಡಬ್ಬಿಯ ಮೇಲೆ ತನ್ನ ರೋಗದ ಹೆಸರನ್ನೂ, ಇದರೊಳಕ್ಕೆ ಬೇರೆ ತಿಂಡಿಯನ್ನು ಇಡಬಾರದೆಂಬುದನ್ನೂ ಅವಳೇ ದೊಡ್ಡ ಅಕ್ಷರಗಳಲ್ಲಿ ಬರೆದಿರುವಳೆಂದು ಕೇಳಿ ನಮಗಾದ ಸಂತೋಷವನ್ನು ಯಾವ ಪರೀಕ್ಷೆಯ ಫಲಿತಾಂಶವೂ ಕೊಟ್ಟಿಲ್ಲ.

ರೋಗಿಯ ಒಡಹುಟ್ಟಿದವರಲ್ಲಿಯೂ ಮಕ್ಕಳಲ್ಲಿಯೂ ಸುಮಾರು ಹತ್ತರಲ್ಲಿ ಒಬ್ಬರಿಗೆ ಈ ರೋಗವಿರಬಹುದಾದುದರಿಂದ ಅವರನ್ನೂ ಪರೀಕ್ಷೆ ಮಾಡಿಸುವುದು ಹಿತ. ಆಹ್ವಾನಿಸುವವರಲ್ಲಿಯೂ ಒಂದು ವಿಜ್ಞಾಪನೆಯುಂಟು. ಪಥ್ಯದವರನ್ನು ಕರೆಯದೆ ಬಿಡಬೇಡಿರಿ; ಕರೆದು ಒತ್ತಾಯಿಸಲೂ ಬೇಡಿರಿ. ಏನು ಕೊಡಬಹುದೆಂದು ಮುಂಚಿತವಾಗಿ ಕೇಳಿರಿ. ಅವರು ತಮ್ಮ ಡಬ್ಬಿಯನ್ನು ತಂದರೆ ಅದಕ್ಕೊಂದು ತಟ್ಟೆಯನ್ನು ಚೆನ್ನಾಗಿ ತೊಳೆದು ಕೊಡಿರಿ. ಅದೇ ದೊಡ್ಡ ಉಪಚಾರ.

ನಮ್ಮ ಶಾಲೆಯಿಂದ ಹೊರಹೋದ ಹುಡುಗಿಯರೇ, ನಿಮ್ಮಲ್ಲಿ ಯಾರಿಗೆ ಯಾವ ಪಥ್ಯವಿದ್ದರೂ ಅದಕ್ಕಾಗಿ ನಾಚಿಕೊಳ್ಳಬೇಡಿರಿ. ಒಲ್ಲೆನೆಂಬುದನ್ನು ಸೌಜನ್ಯದಿಂದಲೂ ಸ್ಪಷ್ಟವಾಗಿಯೂ ಹೇಳಲು ಕಲಿಯಿರಿ. ಅದರ ಜೊತೆಗೆ ನಿಮ್ಮ ಕೈಯಿಂದ ಏನಾದರೊಂದನ್ನು ಮಾಡಿ ಬೇರೆಯವರಿಗೆ ಬಡಿಸಲು ಕಲಿಯಿರಿ. ಆಗ ಪಥ್ಯವು ನಿಮ್ಮನ್ನು ಯಾರ ಮೇಜಿನಿಂದಲೂ ದೂರಮಾಡದು. ನಿಮ್ಮೆಲ್ಲರ ಮನೆಗಳಲ್ಲಿ ಆರೋಗ್ಯವೂ ಸಮಾಧಾನವೂ ಇರಲೆಂದು ಹಾರೈಸುತ್ತೇವೆ.